ಹಿಂದಿನ ಡೋರಿಗೆ ಕಬ್ಬಿಣ ಬಡಿಸುವ ಮುಂಚೆ

ನಮ್ಮ ಯಲಿಯೂರು, ಹನಕೆರೆ, ಗೆಜ್ಜಲಗೆರೆ ಸುತ್ತಮುತ್ತ ಹೊಸ ಪಿಕಪ್ ಗಾಡಿ ಮನೆಗೆ ಬಂತೆಂದರೆ, ಪೂಜೆ ಆದ ಮೇಲೆ ಅದು ಮೊದಲು ಹೋಗಿ ನಿಲ್ಲುವುದು ವೆಲ್ಡಿಂಗ್ ಶಾಪಿನ ಮುಂದೆ. "ಹಿಂದಿನ ಡೋರು ಬರೀ ತಗಡು ಕಣಣ್ಣ, ಒಂದು ಪ್ಲೇಟ್ ಹೊಡ್ಸಿ ಸುತ್ತ ಆಂಗಲ್ ಕೊಡ್ಸ್‌ಬುಡು" ಅನ್ನುವವರು ಹತ್ತು ಜನ. ಯಾತಕ್ಕೆ ಅಂತ ಕೇಳುವವರು ಒಬ್ಬರೂ ಇಲ್ಲ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮಂಥ ಸಣ್ಣ ರೈತರ ಗಾಡಿಗೆ ಡೋರಿನ ತಗಡು ದಪ್ಪ ಮಾಡಿಸುವುದು ಹತ್ತರಲ್ಲಿ ಎಂಟು ಸಲ ದಂಡದ ಖರ್ಚು. ಗಟ್ಟಿ ಮಾಡಿಸಬೇಕಾದ್ದು ಕೀಲು, ಚಿಲಕ ಮತ್ತು ಸರಪಳಿ. ಅದಕ್ಕಿಂತ ಮುಖ್ಯವಾಗಿ, ಡೋರಿನ ಮೇಲೆ ಹೊರೆ ಬೀಳದ ಹಾಗೆ ಕೆಲಸ ಮಾಡುವುದನ್ನು ನಾವು ರೂಢಿಸಿಕೊಳ್ಳಬೇಕು.

ಮುಚ್ಚಿದ ಡೋರು, ತೆರೆದ ಡೋರು

ಡೋರಿಗೆ ಎರಡು ಥರದ ಕೆಲಸ ಇದೆ. ಮುಚ್ಚಿದಾಗ ಅದೊಂದು ಗೋಡೆ. ಕೆಳಗೆ ಕೀಲುಗಳು ಹಿಡಿದಿರುತ್ತವೆ, ಎರಡು ಪಕ್ಕ ಚಿಲಕ ಹಿಡಿದಿರುತ್ತದೆ. ಒಳಗಿನ ಮಾಲು ಹಿಂದಕ್ಕೆ ಒತ್ತಿದಾಗ ಆ ಒತ್ತಡ ಅಗಲಕ್ಕೂ ಹಂಚಿಹೋಗುತ್ತದೆ. ಇದಕ್ಕೆ ಕಂಪನಿಯವರು ಕೊಟ್ಟ ತಗಡು ಸಾಕು. ಅದಕ್ಕೇ ಅದರ ಮೇಲೆ ಉದ್ದಕ್ಕೂ ಮಡಿಕೆ ಹೊಡೆದಿರುತ್ತಾರೆ. ಮಡಿಕೆ ಇದ್ದರೆ ತೆಳು ತಗಡೂ ಬಾಗುವುದಿಲ್ಲ, ನಮ್ಮ ಮನೆಯ ಜಿಂಕ್ ಶೀಟಿನ ಹಾಗೆ.

ತೆರೆದು ಮಲಗಿಸಿದಾಗ ಕಥೆ ಬೇರೆ. ಆಗ ಅದು ಗೋಡೆಯಲ್ಲ, ಹಲಗೆ. ಒಂದು ಅಂಚು ಕೀಲಿನ ಮೇಲೆ, ಇನ್ನೊಂದು ಅಂಚು ಎರಡು ಸರಪಳಿಯಲ್ಲಿ ನೇತಾಡುತ್ತಿರುತ್ತದೆ. ಹೊರಗಿನ ಅಂಚಿನ ಮೇಲೆ 300 ಕೆಜಿ ಕೂತರೆ ಒಂದೊಂದು ಸರಪಳಿಗೆ ನೇರವಾಗಿ 150 ಕೆಜಿ. ಆದರೆ ಸರಪಳಿ ನೇರ ಇಲ್ಲ, ಓರೆಯಾಗಿದೆ. 45 ಡಿಗ್ರಿ ಓರೆ ಇದ್ದರೆ ಅದರ ಮೇಲಿನ ಎಳೆತ 212 ಕೆಜಿ. ಇನ್ನೂ ಮಲಗಿ 30 ಡಿಗ್ರಿಗೆ ಬಂದರೆ 300 ಕೆಜಿ. ಹೊರೆ ಅಷ್ಟೇ, ಸರಪಳಿ ಹೆಚ್ಚು ಮಲಗಿತು ಅಂತ ಎಳೆತ ದುಪ್ಪಟ್ಟಾಯಿತು. ಇದರ ಮೇಲೆ ಮೂಟೆಯನ್ನು ದೊಪ್ಪನೆ ಎತ್ತಿಹಾಕಿದರೆ, ಆ ಗಳಿಗೆಯ ಏಟು ಇನ್ನೂ ಎರಡರಷ್ಟು ಅಂತ ಇಟ್ಟುಕೊಳ್ಳಿ.

ಈಗ ಯೋಚನೆ ಮಾಡಿ. ಆ ಎಳೆತ ಹೋಗಿ ಸೇರುವುದು ಎಲ್ಲಿಗೆ? ಸರಪಳಿ ಸಿಕ್ಕಿಸಿದ ಬೋಲ್ಟಿಗೆ, ಆ ಬೋಲ್ಟು ಕೂತಿರುವ ಮೂಲೆಯ ತಗಡಿಗೆ, ಕೀಲಿನ ಪಿನ್ನಿಗೆ. ಡೋರಿನ ಮಧ್ಯಕ್ಕೆ ದಪ್ಪ ಪ್ಲೇಟು ಹೊಡೆಸಿದರೆ ಈ ಮೂರರಲ್ಲಿ ಒಂದಕ್ಕೂ ಬಲ ಬರುವುದಿಲ್ಲ. ಬದಲಿಗೆ ಪ್ಲೇಟಿನ ಭಾರವೂ ಅವುಗಳ ಮೇಲೇ ಬೀಳುತ್ತದೆ.

ಇದು ಬರೀ ನಮ್ಮೂರಿನ ಮಾತಲ್ಲ. ಅಮೆರಿಕದ ರೈತರು ಪಿಕಪ್ಪಿನ ಹಿಂಬಾಗಿಲನ್ನು ಮೇಜಿನ ಹಾಗೆ, ಬೆಂಚಿನ ಹಾಗೆ ಬಳಸುತ್ತಾರೆ. ಅಲ್ಲಿ 2004ರಲ್ಲಿ ಜನರಲ್ ಮೋಟಾರ್ಸ್ ಕಂಪನಿ ಸುಮಾರು 40 ಲಕ್ಷ ಪಿಕಪ್‌ಗಳನ್ನು ರಿಪೇರಿಗೆ ವಾಪಸ್ ಕರೆಸಿತು. ಡೋರು ಬಾಗಿತು ಅಂತ ಅಲ್ಲ. ಡೋರನ್ನು ಹಿಡಿದಿದ್ದ ಉಕ್ಕಿನ ಕೇಬಲ್ಲು ಒಳಗೊಳಗೇ ತುಕ್ಕು ಹಿಡಿದು, ಮೇಲೆ ಕೂತವರ ಸಮೇತ ಡೋರು ಕಳಚಿ ಬೀಳುತ್ತಿತ್ತು ಅಂತ. ಅಷ್ಟು ದೊಡ್ಡ ಗಾಡಿಗಳಲ್ಲೂ ಕೈಕೊಟ್ಟಿದ್ದು ನೇತುಹಾಕಿದ ಜಾಗವೇ ಹೊರತು ತಗಡಲ್ಲ.

ಕಬ್ಬಿಣದ ತೂಕ ಯಾರ ಲೆಕ್ಕಕ್ಕೆ?

3 ಮಿ.ಮೀ. ಕಬ್ಬಿಣದ ಪ್ಲೇಟು ಒಂದು ಚದರ ಮೀಟರಿಗೆ ಸುಮಾರು ಇಪ್ಪತ್ಮೂರೂವರೆ ಕೆಜಿ. 50×50×6ರ ಆಂಗಲ್ಲು ಮೀಟರಿಗೆ ನಾಲ್ಕೂವರೆ ಕೆಜಿ. ಡೋರು 1.7 ಮೀಟರ್ ಅಗಲ, 40 ಸೆಂ.ಮೀ. ಎತ್ತರ ಅಂತ ಹಿಡಿದರೆ ಪ್ಲೇಟು 16 ಕೆಜಿ, ಸುತ್ತಲಿನ ಆಂಗಲ್ಲು 19 ಕೆಜಿ. ಒಟ್ಟು 35 ಕೆಜಿ. ಮೊದಲೇ ಇರುವ ಡೋರಿನ ತೂಕ ಬೇರೆ.

ಈ 35 ಕೆಜಿಯನ್ನು ಗಾಡಿ ಪ್ರತಿ ಸಲವೂ ಹೊತ್ತುಕೊಂಡು ಓಡಾಡಬೇಕು, ಖಾಲಿ ಬರುವಾಗಲೂ. ಎಳನೀರು ಒಂದಕ್ಕೆ ಒಂದೂವರೆಯಿಂದ ಎರಡು ಕೆಜಿ. ಅಂದರೆ ಒಂದು ಲೋಡಿಗೆ ಇಪ್ಪತ್ತು ಎಳನೀರಿನ ಜಾಗವನ್ನು ಕಬ್ಬಿಣಕ್ಕೆ ಕೊಟ್ಟ ಹಾಗಾಯಿತು. ನೂರು ಟ್ರಿಪ್ಪಿಗೆ ಎರಡು ಸಾವಿರ ಎಳನೀರು! ಮನೆಯ ಹೆಂಗಸರು, ಓದುವ ಹುಡುಗರು ಒಬ್ಬರೇ ಆ ಡೋರನ್ನು ಎತ್ತಿ ಚಿಲಕ ಹಾಕಲಾರರು. ಕೈ ಜಾರಿದರೆ ಕಾಲಿನ ಬೆರಳು ಹೋಯಿತು ಅಂತಲೇ ಲೆಕ್ಕ.

ಹಾಗಾದರೆ ಡೋರು ಯಾಕೆ ಉಬ್ಬುತ್ತೆ?

ಉಬ್ಬುತ್ತದೆ, ನಿಜ. ನಮ್ಮ ಕಡೆ ಉಬ್ಬದ ಡೋರು ಕಾಣಸಿಗುವುದೇ ಅಪರೂಪ. ಕಾರಣ ತಗಡಿನದಲ್ಲ, ಲೋಡಿನದು.

ಮದ್ದೂರಿನ ಎಪಿಎಂಸಿ ಎಳನೀರು ಮಾರುಕಟ್ಟೆಗೆ ಬರುವ ಗಾಡಿಗಳನ್ನೇ ನೋಡಿ. 2005ರಲ್ಲಿ ಟಾಟಾ ಏಸ್ ಮೊದಲು ಬಂದಾಗ ಅದರ ಲೋಡು ಮುಕ್ಕಾಲು ಟನ್ನು. ಈಗಿನ ಬೊಲೆರೊ ಥರದ ದೊಡ್ಡ ಪಿಕಪ್ಪುಗಳು ಮಾದರಿ ನೋಡಿಕೊಂಡು ಒಂದೂಕಾಲರಿಂದ ಎರಡು ಟನ್ನಿನವರೆಗೆ. 1.3 ಟನ್ನಿನ ಗಾಡಿಗೆ ನ್ಯಾಯವಾಗಿ ಹಿಡಿಯುವುದು 650ರಿಂದ 850 ಎಳನೀರು, ಕಾಯಿಯ ಗಾತ್ರ ನೋಡಿಕೊಂಡು. "ಸಾವಿರ ಹಾಕಪ್ಪ, ಏನಾಯ್ತದೆ" ಅನ್ನುತ್ತೇವೆ. ಸಾವಿರ ಅಂದರೆ ಒಂದೂವರೆಯಿಂದ ಎರಡು ಟನ್ನು.

ಅದೂ ಅಲ್ಲದೆ ಮೂಟೆ ಬೇರೆ, ಎಳನೀರು ಬೇರೆ. ಮೂಟೆ ಒಂದರ ಮೇಲೊಂದು ಕೂತು ಭಾರವನ್ನು ನೆಲಕ್ಕೆ ಕೊಡುತ್ತದೆ. ಬಿಡಿಯಾಗಿ ಸುರಿದ ದುಂಡನೆಯ ಕಾಯಿ ನೀರಿನ ಹಾಗೆ ಪಕ್ಕಕ್ಕೂ ಒತ್ತುತ್ತದೆ. ಎತ್ತರ ಹೆಚ್ಚಾದಷ್ಟೂ ಬುಡದಲ್ಲಿ ಒತ್ತಡ ಹೆಚ್ಚು. ಹಸಿ ಗೊಬ್ಬರದ್ದೂ ಇದೇ ಗುಣ. ಇದಕ್ಕೆ ಮದ್ದು ಪ್ಲೇಟಲ್ಲ. ಎಳನೀರನ್ನು ಗೊನೆಯಲ್ಲೇ ಜೋಡಿಸಿ, ತೊಟ್ಟು ಒಳಮುಖವಾಗಿ ಇಡಿ. ಡೋರಿನ ಬಳಿಯ ಮೊದಲ ಸಾಲನ್ನು ಚೀಲದಲ್ಲಿ ತುಂಬಿ ಗೋಡೆಯ ಹಾಗೆ ನಿಲ್ಲಿಸಿ. ಟ್ರ್ಯಾಕ್ಟರ್ ಟ್ರೈಲರಿನಲ್ಲಿ ಹಾಕುವ ಹಾಗೆ ಎರಡು ಪಕ್ಕದ ಡೋರುಗಳ ನಡುವೆ ಒಂದು ಅಡ್ಡ ಸರಪಳಿ ಬಿಗಿಯಿರಿ. ಇದಕ್ಕೆ ಖರ್ಚು ಎಷ್ಟಾದೀತು?

ಟಿಲ್ಲರ್ ಹತ್ತಿಸುವಾಗ, ಹಸು ಹತ್ತಿಸುವಾಗ

ನಿಜವಾದ ಅಪಾಯ ಇರುವುದು ಇಲ್ಲಿ. ಪವರ್ ಟಿಲ್ಲರ್ ಅಂದರೆ ನಾಲ್ಕು ಕ್ವಿಂಟಲ್ ಆಸುಪಾಸು. ಅದರ ಎರಡು ಗಾಲಿ ಡೋರಿನ ಹೊರ ಅಂಚಿಗೆ ಬಂದ ಗಳಿಗೆಯಲ್ಲಿ ಬಹುಪಾಲು ಭಾರ ಆ ಅಂಚಿನ ಮೇಲೇ. ಹಿಂದೆ ನಿಂತು ತಳ್ಳುವವನು ಯಾರು? ಮಗ, ಇಲ್ಲ ಅಳಿಯ, ಇಲ್ಲ ಪಕ್ಕದ ಜಮೀನಿನವನು. ಒಂದು ಕಡೆಯ ಸರಪಳಿ ಕಿತ್ತರೆ ಟಿಲ್ಲರ್ ಬೀಳುವುದು ಅವನ ಮೇಲೇ. ಸೀಮೆಹಸುವೂ ನಾಲ್ಕೈದು ಕ್ವಿಂಟಲ್ ತೂಗುತ್ತದೆ. ಅದರ ಕಾಲು ಡೋರಿನ ಸಂದಿಗೆ ಸಿಕ್ಕಿ ಮುರಿದರೆ ಡೈರಿಗೆ ಹಾಲು ಹಾಕಿ ನಡೆಯುವ ಮನೆಯ ಗತಿ ಏನು?

ಡೋರು ಹಲಗೆಯಲ್ಲ ಅಂತ ತಿಳಿದರೆ ಉಪಾಯ ಸುಲಭ. ಡೋರನ್ನು ಪೂರ್ತಿ ಕೆಳಗೆ ಇಳಿಬಿಡಿ, ಇಲ್ಲವೇ ಪಿನ್ ತೆಗೆದು ಪಕ್ಕಕ್ಕಿಡಿ. ಕೊಕ್ಕೆ ಇರುವ ಎರಡು ಕಬ್ಬಿಣದ ಚಾನಲ್ಲನ್ನು ನೇರವಾಗಿ ಗಾಡಿಯ ನೆಲದ ಅಂಚಿಗೆ ಸಿಕ್ಕಿಸಿ. ಆಗ ಭಾರ ಹೋಗುವುದು ಚಾಸಿಸ್ಸಿಗೆ. ಗಾಡಿಯ ನೆಲ ಎರಡೂವರೆ ಅಡಿ ಎತ್ತರ ಇದ್ದರೆ ಚಾನಲ್ಲು ಎಂಟು ಅಡಿ ಉದ್ದ ಇರಲಿ, ಏರು ಸುಮಾರು 18 ಡಿಗ್ರಿ ಇರುತ್ತದೆ. ಹಸುವಿಗೆ ಅಗಲದ ಮರದ ಹಲಗೆ, ಅಡ್ಡಪಟ್ಟಿ ಹೊಡೆದದ್ದು. ಇದಕ್ಕಿಂತಲೂ ಹಳೇ ಉಪಾಯ ಒಂದಿದೆ: ಕಣದ ಪಕ್ಕ ಎರಡೂವರೆ ಅಡಿಯ ಮಣ್ಣಿನ ದಿಬ್ಬ ಮಾಡಿ, ಗಾಡಿಯನ್ನು ಹಿಂದಕ್ಕೆ ತಂದು ನಿಲ್ಲಿಸುವುದು. ಎತ್ತಿನ ಗಾಡಿಯ ಕಾಲದಲ್ಲಿ ನಮ್ಮ ಹಿರೀಕರು ಮಾಡಿದ್ದು ಇದನ್ನೇ.

ಗಟ್ಟಿ ಮಾಡಿಸಲೇಬೇಕು ಅಂದರೆ

ಕಲ್ಲು, ಇಟ್ಟಿಗೆ, ಸೈಜುಗಲ್ಲು ಹೊಡೆಯುವವರು ಪ್ಲೇಟು ಬೇಕೇ ಬೇಕು ಅನ್ನುತ್ತಾರೆ. ಅವರ ಮಾತಲ್ಲಿ ಅರ್ಥ ಇದೆ. ಮೊನೆ ಇರುವ ಕಲ್ಲು ತಗಡನ್ನು ಚುಚ್ಚುತ್ತದೆ. ಅಂಥವರೂ ಮೊದಲು ಒಳಮೈಗೆ ಒಂದಿಂಚು ಮರದ ಹಲಗೆಯನ್ನು ಬೋಲ್ಟ್ ಹಾಕಿ ನೋಡಲಿ. ಏಟು ತಿನ್ನುವುದು ಹಲಗೆ. ಹಾಳಾದರೆ ಬಿಚ್ಚಿ ಬದಲಾಯಿಸಬಹುದು.

ಉಳಿದವರು ಮಾಡಿಸಬೇಕಾದ್ದು ಇಷ್ಟು. ಸವೆದ ಕೀಲಿನ ಪಿನ್ನನ್ನು ಬದಲಾಯಿಸಿ. ಕೊಂಡಿ ವೆಲ್ಡಾಗಿರುವ 8 ಮಿ.ಮೀ. ಸರಪಳಿ ಹಾಕಿಸಿ, ಬರೀ ಬಗ್ಗಿಸಿದ ಕೊಂಡಿಯದ್ದು ಬೇಡ. ಸರಪಳಿಯ ಬೋಲ್ಟಿನ ಹಿಂದೆ, ತಗಡಿನ ಒಳಗಡೆ, ಅಂಗೈ ಅಗಲದ ಒಂದು ಪಟ್ಟಿ ಕೊಟ್ಟು ಬಿಗಿಸಿ. ಯೂರಿಯಾ, ಪೊಟ್ಯಾಷ್ ಮೂಟೆ ಹೊತ್ತ ದಿನ ಕೀಲಿನ ಸಂದಿಗೆ ನೀರು ಹೊಡೆದು ತೊಳೆದು, ಒಣಗಿದ ಮೇಲೆ ಎರಡು ಹನಿ ಹಳೇ ಆಯಿಲ್ ಬಿಡಿ. ಗೊಬ್ಬರದ ಉಪ್ಪಿನಷ್ಟು ಬೇಗ ಕಬ್ಬಿಣ ತಿನ್ನುವುದು ಬೇರೆ ಇಲ್ಲ.

ವೆಲ್ಡಿಂಗ್ ಮಾಡಿಸುವುದಾದರೆ ಬ್ಯಾಟರಿಯ ವೈರು ಬಿಚ್ಚಿಸಿ. 2020ರ ಏಪ್ರಿಲಿನಿಂದ ಬಂದ ಬಿಎಸ್-6 ಗಾಡಿಗಳಲ್ಲಿ ಎಲ್ಲಕ್ಕೂ ಕಂಪ್ಯೂಟರ್ ಇದೆ, ವೆಲ್ಡಿಂಗ್ ಕರೆಂಟು ಅದನ್ನು ಸುಡಬಹುದು. ಡೋರನ್ನು ಬಿಚ್ಚಿ ನೆಲದ ಮೇಲಿಟ್ಟು ವೆಲ್ಡ್ ಮಾಡಿಸುವುದು ಇನ್ನೂ ಒಳ್ಳೆಯದು. ಸುಟ್ಟ ಜಾಗಕ್ಕೆ ಅವತ್ತೇ ರೆಡಾಕ್ಸೈಡ್ ಬಳಿಯಿರಿ.

ಕಾಯಿದೆ ಏನು ಹೇಳುತ್ತೆ?

ಡೋರನ್ನು ಗಟ್ಟಿ ಮಾಡಿಸುವ ನೆಪದಲ್ಲಿ ಎತ್ತರಿಸುವವರಿದ್ದಾರೆ. ಮೋಟಾರು ವಾಹನ ಕಾಯಿದೆಯ 52ನೇ ಕಲಮಿನ ಪ್ರಕಾರ ಕಂಪನಿ ಕೊಟ್ಟ ವಿವರಕ್ಕೂ ಗಾಡಿಗೂ ವ್ಯತ್ಯಾಸ ಬರುವ ಹಾಗೆ ಬದಲಾವಣೆ ಮಾಡುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ಖಡಾಖಂಡಿತವಾಗಿ ಹೇಳಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಹೆಚ್ಚು ಲೋಡಿಗೆ 20,000 ರೂಪಾಯಿ, ಮೇಲಿನ ಪ್ರತಿ ಟನ್ನಿಗೆ 2,000 ಅಂತ ದಂಡ ಬರೆದಿದ್ದಾರೆ. ಡೋರು ಬಲವಾಯಿತು ಅಂತ ಆರ್‌ಸಿ ಪುಸ್ತಕದ ತೂಕ ಬಲವಾಗುವುದಿಲ್ಲ. ಬ್ರೇಕು, ಆಕ್ಸಲ್ಲು, ಟೈರು ಹಳೆಯವೇ.

2023ರ ಮಾರ್ಚಿನಲ್ಲಿ ಬೆಂಗಳೂರು-ಮೈಸೂರು ಹೊಸ ಹೆದ್ದಾರಿ ಉದ್ಘಾಟನೆಯಾಯಿತು. ಅದೇ ಆಗಸ್ಟಿನಿಂದ ಟ್ರ್ಯಾಕ್ಟರಿಗೆ ಅದರ ಮುಖ್ಯ ರಸ್ತೆಯಲ್ಲಿ ಪ್ರವೇಶ ಇಲ್ಲ, ಪಿಕಪ್ಪಿಗೆ ಇದೆ. ಅಲ್ಲಿ ಡೋರು ಇಳಿಬಿಟ್ಟುಕೊಂಡು ಜೋಳದ ಕಡ್ಡಿಯನ್ನೋ ಕಬ್ಬಿನ ಸೋಗೆಯನ್ನೋ ಹಿಂದಕ್ಕೆ ಚಾಚಿಕೊಂಡು ಹೋಗುವುದನ್ನು ದಿನಾ ನೋಡುತ್ತೇವೆ. ನೇತಾಡುವ ಡೋರು ಕೆಲವು ಗಾಡಿಗಳಲ್ಲಿ ಹಿಂದಿನ ಲೈಟು, ನಂಬರ್ ಪ್ಲೇಟು ಎರಡನ್ನೂ ಮುಚ್ಚುತ್ತದೆ. ನೂರರ ವೇಗದಲ್ಲಿ ಹಿಂದಿನಿಂದ ಬರುವ ಕಾರಿನವನಿಗೆ ಕತ್ತಲಲ್ಲಿ ಏನು ಕಂಡೀತು?

ಕೊನೆಯದಾಗಿ, ಡೋರಿನ ಮೇಲೆ ಕೂರುವ ಅಭ್ಯಾಸ. ನಾಟಿಗೆ, ಕಳೆಗೆ ಆಳುಗಳನ್ನು ಹತ್ತಿಸಿಕೊಂಡು ಹೊರಟಾಗ ಇಬ್ಬರು ಮೂವರು ಡೋರಿನ ಅಂಚಿನ ಮೇಲೇ ಕೂತಿರುತ್ತಾರೆ. ಸರಕಿನ ಗಾಡಿಯಲ್ಲಿ ಸರಕಿನ ಮಾಲೀಕನಿಗೋ ಅವನ ಪ್ರತಿನಿಧಿಗೋ ಇರುವ ವಿಮೆಯ ರಕ್ಷಣೆ, ಸುಮ್ಮನೆ ಹತ್ತಿದವರಿಗೆ ಇಲ್ಲ. 2002ರ ಆಶಾ ರಾಣಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನು ತೀರ್ಮಾನಿಸಿದೆ. ಒಂದು ಚಿಲಕ ಬಿಚ್ಚಿ ಬಡ ಹೆಂಗಸೊಬ್ಬಳು ರಸ್ತೆಗೆ ಬಿದ್ದರೆ ಪರಿಹಾರ ಕಟ್ಟಲು ಗಾಡಿಯವನು ಜಮೀನು ಮಾರಬೇಕಾದೀತು. ಜಮೀನು ಹೋದರೂ ಹೋದ ಜೀವ ಬರುವುದಿಲ್ಲ. ಇದಕ್ಕೆ ಎಷ್ಟು ದಪ್ಪದ ಪ್ಲೇಟು ಹೊಡೆಸಿದರೂ ಪ್ರಯೋಜನ ಇಲ್ಲ.

ಆದ್ದರಿಂದ ವೆಲ್ಡಿಂಗ್ ಶಾಪಿಗೆ ಹೋಗುವ ಮುಂಚೆ ಗಾಡಿಯ ಹಿಂದೆ ಹೋಗಿ ಐದು ನಿಮಿಷ ನಿಲ್ಲಿ. ಪಿನ್ ಅಲುಗಾಡಿಸಿ ನೋಡಿ, ಸರಪಳಿಯ ಕೊಂಡಿ ಎಣಿಸಿ, ಚಿಲಕ ಎಳೆದು ನೋಡಿ. ಮುಕ್ಕಾಲು ಪಾಲು ಉತ್ತರ ಅಲ್ಲೇ ಸಿಗುತ್ತದೆ. ಪ್ಲೇಟು ಹೊಡೆಸಿ ಅನುಕೂಲವಾಗಿದೆ ಅನ್ನುವವರು, ಬೇರೆ ಉಪಾಯ ಕಂಡುಕೊಂಡವರು ಖರ್ಚು ಮತ್ತು ಅಳತೆಯ ಸಮೇತ ಪತ್ರಿಕೆಗೆ ಬರೆಯಿರಿ. ನಾಲ್ಕು ಜನಕ್ಕೆ ಉಪಯೋಗವಾಗಲಿ.