ಬೆಲೆಬಾಳುವ ಇಯರ್‌ಫೋನುಗಳು

ಹೆಬ್ಬೆಟ್ಟಿನ ತುದಿಯಷ್ಟು ಗಾತ್ರದ ಎರಡು ಗುಂಡಿಗಳಿಗೆ ಸಾವಿರ ಡಾಲರಿಗೂ ಮಿಗಿಲಾದ ಬೆಲೆಯೆಂದರೆ ಗೃಹಸ್ಥರು ಬೆರಗಾಗುವುದು ನ್ಯಾಯವೇ. ಆದರೂ ಸಂಗೀತದಲ್ಲಿ ಅಭಿರುಚಿಯುಳ್ಳವರು ಇಂಥವನ್ನು ಕೊಳ್ಳುತ್ತಲೇ ಇದ್ದಾರೆ. ನಮಗೂ ಹೊಸ ಜೊತೆಯೊಂದು ಬೇಕಾಗಿದ್ದುದರಿಂದ ಹೆಸರಾಂತ ಮೂರನ್ನು ಹೋಲಿಸಿ ನೋಡಿ, ಕಂಡುದನ್ನು ವಾಚಕರ ಮುಂದಿಡುತ್ತೇವೆ.

ಇವುಗಳೊಳಗೆ ನಾದವನ್ನು ಹುಟ್ಟಿಸುವ ಅಂಗಕ್ಕೆ ಡ್ರೈವರೆಂದು ಹೆಸರು. ಅದರಲ್ಲಿ ಮುಖ್ಯವಾಗಿ ಎರಡು ಜಾತಿಗಳುಂಟು. ಡೈನಮಿಕ್ ಎಂಬುದರಲ್ಲಿ ತಂತಿಯ ಸುರುಳಿಯು ಅಯಸ್ಕಾಂತದ ಬಳಿಯಲ್ಲಿ ಅಲುಗಿ, ತನಗಂಟಿದ ತೆಳುಪೊರೆಯನ್ನು ಅಲುಗಿಸುವುದು. ರೇಡಿಯೋವಿನ ಧ್ವನಿವರ್ಧಕದ ಕ್ರಮವೂ ಇದೇ. ಬ್ಯಾಲೆನ್ಸ್‌ಡ್ ಆರ್ಮೇಚರ್ ಎಂಬುದರಲ್ಲಿ ಅಯಸ್ಕಾಂತಗಳ ನಡುವಣ ಸಣ್ಣ ಲೋಹದ ನಾಲಗೆಯು ಕಡ್ಡಿಯೊಂದರ ಮೂಲಕ ಪೊರೆಯನ್ನು ನೂಕುವುದು. ಕಿವಿ ಮಂದವಾದವರ ಶ್ರವಣಸಾಧನಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವುದು ಈ ಜಾತಿಯೇ. ಎಟಿಮೋಟಿಕ್ ಸಂಸ್ಥೆಯವರು 1991ರಲ್ಲಿ ಇಂಥದೊಂದೇ ಡ್ರೈವರಿನಿಂದ ಇಆರ್ 4 ಎಂಬುದನ್ನು ರಚಿಸಿದರು. ಅದೇ ವಂಶದ ಇಆರ್ 4 ಎಸ್‌ಆರ್ 2016ರಲ್ಲಿ ಸುಮಾರು 350 ಡಾಲರಿಗೆ ಹೊರಬಂದಿತು. ಶೂರ್ ಸಂಸ್ಥೆಯವರ 2013ರ ಎಸ್‌ಇ 846ರಲ್ಲಿ ನಾಲ್ಕು ಡ್ರೈವರುಗಳಿದ್ದವು. ಆಗಿನ ಬೆಲೆ ಸುಮಾರು 1,000 ಡಾಲರು. ಸೆನ್‌ಹೈಸರ್ ಸಂಸ್ಥೆಯವರ 2021ರ ಐಇ 900ರಲ್ಲಿ 7 ಮಿಲಿಮೀಟರಿನ ಡೈನಮಿಕ್ ಡ್ರೈವರು ಒಂದೇ. ಆಗಿನ ಬೆಲೆ ಮಾತ್ರ ಸುಮಾರು 1,300 ಡಾಲರು! ಡ್ರೈವರುಗಳು ಹೆಚ್ಚಿದಷ್ಟೂ ನಾದವು ಮೇಲೆಂಬ ವರ್ತಕರ ಮಾತಿಗೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ.

ಪರೀಕ್ಷೆಗೆ ನಾವು ಆರಿಸಿಕೊಂಡುದು ಕರ್ನಾಟಕ ಸಂಗೀತವನ್ನು. ಮೃದಂಗದ ರವೆ ಮೆತ್ತಿದ ಎಡಮುಖದ ಗುಂಕಾರವು ಶೂರಿನಲ್ಲಿ ತುಂಬಿ ಬಂದಿತು. ಆದರೆ ತಂಬೂರಿಯ ಜೀವಾಳದ ಝೇಂಕಾರವು ಕೊಂಚ ಮಸುಕಾಯಿತು. ಸೆನ್‌ಹೈಸರಿನಲ್ಲಿ ಎರಡೂ ಸೊಗಸಾಗಿದ್ದವು. ಹಳೆಯ ಗ್ರಾಮಫೋನ್ ತಟ್ಟೆಗಳಿಂದ ಎತ್ತಿದ ಹಾಡುಗಳಲ್ಲಿ ಮಾತ್ರ ಅದು ತಟ್ಟೆಯ ಕರಕರವನ್ನೂ ಎತ್ತಿ ತೋರಿ ಬೇಸರ ತಂದಿತು. ಎಟಿಮೋಟಿಕಿನಲ್ಲಿ ಗುಂಕಾರ ತೆಳುವಾದರೂ ಗಾಯಕರ ಕಂಠವು ಎದುರಿಗೇ ಕುಳಿತು ಹಾಡಿದಂತೆ ಸ್ಪಷ್ಟವಾಗಿತ್ತು.

ಬೆಲೆಗಿಂತಲೂ ಗಮನಿಸತಕ್ಕುದು ಕಿವಿಯಲ್ಲಿ ಕೂರುವ ಮೆತ್ತನೆಯ ಬಿರಡೆಯನ್ನು. ಅದು ಸಡಿಲವಾಗಿ ಗಾಳಿಯಾಡಿದರೆ ಎಂಥ ಯಂತ್ರದಲ್ಲಾದರೂ ಮಂದ್ರನಾದವು ಸೋರಿಹೋಗುವುದು. ಎಟಿಮೋಟಿಕಿನ ಮೂರು ಮಡಿಕೆಯ ಬಿರಡೆಯು ಬಹಳ ಒಳಕ್ಕೆ ಹೋಗತಕ್ಕದ್ದು. ಇದನ್ನು ಸಹಿಸಲಾರದವರು ಅದರ ಗೊಡವೆಗೆ ಹೋಗಬಾರದು. ಶೂರಿನದು ಕೇವಲ 9 ಓಮಿನ ಯಂತ್ರವಾದುದರಿಂದ ಕೆಲವು ಆಂಪ್ಲಿಫೈಯರುಗಳಿಗೆ ಜೋಡಿಸಿದಾಗ ಅದರ ನಾದದ ಹದವೇ ಬದಲಾಗುವುದು.

ಬಿರಡೆಯು ಸರಿಯಾಗಿ ಕೂತರೆ ಹೊರಗಿನ ಗದ್ದಲವು ಅಡಗಿ, ಸಣ್ಣ ಧ್ವನಿಯಲ್ಲಿಯೇ ಕೇಳಬಹುದು. ಇದು ಸಣ್ಣ ಲಾಭವಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಪ್ರಕಟಿಸಿದ ನಿಯಮದಂತೆ ವಯಸ್ಕರು 80 ಡೆಸಿಬಲ್ಲಿನ ಧ್ವನಿಯನ್ನು ವಾರಕ್ಕೆ 40 ಗಂಟೆಗಳ ಕಾಲ ಕೇಳಬಹುದು. ಧ್ವನಿಯು 3 ಡೆಸಿಬಲ್ ಏರಿದೊಡನೆ ಆ ಅವಧಿಯು ಅರ್ಧಕ್ಕಿಳಿಯುವುದು. ಮಕ್ಕಳಿಗೆ ಹೇಳಿರುವ ಮಿತಿ 75 ಡೆಸಿಬಲ್ ಮಾತ್ರ. ಒಳಗಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ನಾಶವಾದರೆ ಮನುಷ್ಯನಲ್ಲಿ ಮತ್ತೆ ಹುಟ್ಟಲಾರವು.

ನಮ್ಮ ಮನೆಯಲ್ಲಿ ಹಳೆಯ ಹಾಡುಗಳೇ ಹೆಚ್ಚು. ಕೇಳುವ ಹೊತ್ತೂ ದೀರ್ಘ. ಆದಕಾರಣ ಎಟಿಮೋಟಿಕನ್ನೇ ಆರಿಸಿದೆವು. ಮೃದಂಗಕ್ಕೇ ಮನಸೋತವರು ಸೆನ್‌ಹೈಸರನ್ನು ಕೊಂಡರೆ ನಾವು ಆಕ್ಷೇಪಿಸುವುದಿಲ್ಲ. ಆದರೆ ಹಣ ಕೊಡುವ ಮುನ್ನ ತಮ್ಮ ಕಿವಿಯಲ್ಲಿಯೇ ಅರ್ಧ ಗಂಟೆಯಾದರೂ ಇಟ್ಟು ನೋಡಲಿ.