ಗುರಿ ತಪ್ಪದ ಗುಂಡು, ಲೆಕ್ಕ ತಪ್ಪಿದ ಸೀಸ

ಅಮೆರಿಕದ ಬೇಟೆಗಾರರಲ್ಲಿ ತಮ್ಮ ರೈಫಲಿನ ತೋಟಾಗಳನ್ನು ಅಂಗಡಿಯಲ್ಲಿ ಕೊಳ್ಳದೆ ಮನೆಯಲ್ಲೇ ಕೈಯಾರೆ ತುಂಬಿಕೊಳ್ಳುವವರ ದೊಡ್ಡ ವರ್ಗವೊಂದಿದೆ. ಒಮ್ಮೆ ಹಾರಿಸಿದ ತೋಟಾದ ಹಿತ್ತಾಳೆಯ ಕೋಶವನ್ನು ಆಯ್ದು ತಂದು, ಶುಚಿಗೊಳಿಸಿ, ಹೊಸ ಕೇಪು, ಮದ್ದು, ಗುಂಡುಗಳನ್ನು ಕೂಡಿಸುವುದು ಅವರ ಹವ್ಯಾಸ. ಮದ್ದನ್ನು ಅವರು ಗ್ರೇನಿನ ಹತ್ತರಲ್ಲೊಂದು ಪಾಲಿನವರೆಗೆ ತೂಗುತ್ತಾರೆ. ಒಂದು ಗ್ರೇನ್ ಎಂದರೆ ಸುಮಾರು 65 ಮಿಲಿಗ್ರಾಂ. ಈ ಶ್ರಮವೆಲ್ಲ ನೂರು ಗಜ ದೂರದ ಗುರಿಯಲ್ಲಿ ಗುಂಡುಗಳೆಲ್ಲ ಒಂದಂಗುಲದೊಳಗೆ ಬೀಳಲೆಂದು. ಇದಕ್ಕೊಂದು ನೀತಿಯ ಸಮರ್ಥನೆಯೂ ಇದೆ: ನಿಖರವಾದ ಗುಂಡು ಪ್ರಾಣಿಯನ್ನು ನರಳಿಸದೆ ಕೊಲ್ಲುತ್ತದೆ, ಆದ್ದರಿಂದ ಜಾಣ ಬೇಟೆಗಾರನಿಂದ ಕಾಡಿಗೆ ಕೇಡಿಲ್ಲ.

ಈ ವಾದದ ಮೊದಲ ಅರ್ಧ ಒಪ್ಪತಕ್ಕದ್ದು. ಎರಡನೆಯ ಅರ್ಧ ಶುದ್ಧ ಆತ್ಮವಂಚನೆ.

ಬೇಟೆಯ ಸಾಮಾನ್ಯ ಗುಂಡಿನ ಒಡಲು ಸೀಸದ್ದು, ಹೊರಗವಚ ತಾಮ್ರದ್ದು. ಪ್ರಾಣಿಯ ದೇಹವನ್ನು ಹೊಕ್ಕೊಡನೆ ಅದು ಅರಳಿ, ನೂರಾರು ಚೂರುಗಳನ್ನು ಸುತ್ತಲೂ ಚೆಲ್ಲುತ್ತದೆ. ಗುರಿ ಎಷ್ಟೇ ನಿಖರವಾಗಿದ್ದರೂ ಈ ಚೆಲ್ಲಾಟ ನಿಲ್ಲದು. 2009ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸೀಸದ ಗುಂಡಿನಿಂದ ಕೊಂದ 30 ಜಿಂಕೆಗಳ ಮಾಂಸವನ್ನು ಎಕ್ಸ್‌ರೇಗೆ ಒಡ್ಡಲಾಯಿತು. ಕೊಚ್ಚಿದ ಮಾಂಸದ 234 ಪೊಟ್ಟಣಗಳಲ್ಲಿ 74ರಲ್ಲಿ ಲೋಹದ ಚೂರುಗಳು ಕಂಡವು. ಆ ಮಾಂಸವನ್ನು ತಿನ್ನಿಸಿದ ಹಂದಿಗಳ ರಕ್ತದಲ್ಲಿ ಸೀಸ ಏರಿತು. ಸೀಸಕ್ಕೆ ಅಪಾಯವಿಲ್ಲದ ಪ್ರಮಾಣವೆಂಬುದೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬೇಟೆಗಾರ ಮೊದಲು ವಿಷವುಣಿಸುವುದು ತನ್ನ ಮಕ್ಕಳಿಗೇ.

ಅವನು ಕಾಡಿನಲ್ಲಿ ಬಿಟ್ಟುಹೋದ ಕರುಳುಗಳನ್ನು ಹದ್ದುಗಳು ತಿನ್ನುತ್ತವೆ. ಕ್ಯಾಲಿಫೋರ್ನಿಯಾದ ಕಾಂಡೋರ್ ಎಂಬ ಹಿರಿಯ ರಣಹದ್ದು 1982ರಲ್ಲಿ ಕೇವಲ 22 ಉಳಿದಿತ್ತು. 1987ರಲ್ಲಿ ಕಾಡಿನಲ್ಲಿದ್ದ ಕೊನೆಯದನ್ನೂ ಹಿಡಿದು, ಸಾಕಿ, ಮರಿಮಾಡಿಸಿ, 1992ರಿಂದ ಮರಳಿ ಬಿಡಲಾಯಿತು. ಇಂದು ಸಂಖ್ಯೆ ಐನೂರನ್ನು ದಾಟಿದೆ; ಆದರೂ ಬಿಟ್ಟ ಹಕ್ಕಿಗಳನ್ನು ಕೊಲ್ಲುತ್ತಿರುವ ಕಾರಣಗಳಲ್ಲಿ ಮೊದಲನೆಯದು ಸೀಸವೇ. 2022ರಲ್ಲಿ ಪ್ರಕಟವಾದ ಸಂಶೋಧನೆಯಲ್ಲಿ 38 ರಾಜ್ಯಗಳ 1,210 ಹದ್ದುಗಳನ್ನು ಪರೀಕ್ಷಿಸಿದಾಗ ಹೆಚ್ಚುಕಡಿಮೆ ಅರ್ಧದಷ್ಟರ ಮೂಳೆಗಳಲ್ಲಿ ದೀರ್ಘಕಾಲದ ಸೀಸದ ನಂಜಿನ ಗುರುತು ಸಿಕ್ಕಿತು.

ಕ್ಯಾಲಿಫೋರ್ನಿಯಾ ರಾಜ್ಯ 2013ರಲ್ಲಿ ಕಾನೂನು ಮಾಡಿ, 2019ರ ಜುಲೈನಿಂದ ಬೇಟೆಗೆ ಸೀಸದ ಗುಂಡನ್ನು ಪೂರ್ತಿ ನಿಷೇಧಿಸಿತು. ಕೇಂದ್ರ ಸರ್ಕಾರ ವನ್ಯಧಾಮಗಳಿಗಾಗಿ 2017ರ ಜನವರಿಯಲ್ಲಿ ಹೊರಡಿಸಿದ ಇಂಥದೇ ಆದೇಶವನ್ನು ಹೊಸ ಆಡಳಿತ ಮಾರ್ಚಿನಲ್ಲೇ ರದ್ದುಮಾಡಿತು. ಕೋವಿಯನ್ನೇ ಕಸಿಯುವ ಸಂಚಿದು ಎಂಬ ಕೂಗು ಹಕ್ಕಿಯ ಮೌನಕ್ಕಿಂತ ದೊಡ್ಡದಾಯಿತು.

ಸೀಸವಿಲ್ಲದ ತಾಮ್ರದ ಗುಂಡು 1980ರ ದಶಕದಿಂದಲೇ ದೊರೆಯುತ್ತಿದೆ. ಅದು ದುಬಾರಿ, ಹಳೆಯ ಅಳತೆಗೆ ಒಗ್ಗದು ಎಂಬ ಆಕ್ಷೇಪವಿದೆ. ತಾಮ್ರ ಸೀಸಕ್ಕಿಂತ ಹಗುರ, ಅದೇ ತೂಕಕ್ಕೆ ಗುಂಡು ಉದ್ದವಾಗುತ್ತದೆ, ತುಂಬುವ ಕ್ರಮವನ್ನು ಹೊಸದಾಗಿ ಹೊಂದಿಸಬೇಕಾಗುತ್ತದೆ, ಇದೆಲ್ಲ ನಿಜ. ಆದರೆ ಹೊಂದಿಸುವುದೇ ಯಾರ ಹೆಮ್ಮೆಯೋ ಅವನ ಬಾಯಲ್ಲಿ ಈ ನೆಪ ಶೋಭಿಸುವುದೆ? ಅಂಗಡಿಯಲ್ಲಿ ಸಿಕ್ಕಿದ್ದನ್ನು ಕೊಳ್ಳುವವನಿಗೆ ಕ್ಷಮೆಯುಂಟು. ಪ್ರತಿಯೊಂದು ಗುಂಡನ್ನೂ ತಾನೇ ಆರಿಸುವವನಿಗೆ ಆ ಕ್ಷಮೆ ಸಲ್ಲದು.

ಮಲೆನಾಡಿಗೂ ಈ ಮಾತು ದೂರದ್ದಲ್ಲ. ಇಲ್ಲಿ ಬೇಟೆಯನ್ನು 1972ರ ವನ್ಯಜೀವಿ ಕಾಯ್ದೆ ತಡೆದಿದೆ; ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಅಪರಾಧ. ಆದರೂ ಬೆಳೆ ಕಾಯುವ ಹೆಸರಿನ ಕೇಪಿನ ಕೋವಿಗೆ ಮನೆಯಲ್ಲೇ ಮದ್ದು ಜಡಿದು, ಸೀಸದ ಚೂರು ತುಂಬುವುದು ಗುಟ್ಟಿನ ಸಂಗತಿಯಲ್ಲ. "ಒಳ್ಳೆಯ ಈಡುಗಾರನಿಂದ ಕಾಡಿಗೇನು ತೊಂದರೆ?" ಎಂಬ ಅಮೆರಿಕದ ವಾದವೇ ಇಲ್ಲಿನ ಜಗಲಿಗಳಲ್ಲೂ ಕೇಳಿಬರುತ್ತದೆ. ಸೀಸ ಕೊಳೆಯುವ ವಸ್ತುವಲ್ಲ. ಮಲೆನಾಡಿನ ಹುಳಿ ಮಣ್ಣು ಹಾಗೂ ಧಾರಾಕಾರ ಮಳೆ ಅದನ್ನು ಕರಗಿಸಿ ಹರಿಸಲು ಅನುಕೂಲವಾದ ಜೋಡಿ. ಭಾರತದ ರಣಹದ್ದುಗಳು ದನಗಳಿಗೆ ಕೊಟ್ಟ ಡೈಕ್ಲೋಫಿನಾಕ್ ಔಷಧಿಯಿಂದ ಅಳಿದವು. 2006ರಲ್ಲಿ ಅದರ ಪಶುಬಳಕೆ ನಿಷೇಧವಾಗುವಷ್ಟರಲ್ಲಿ ಕೆಲವು ಜಾತಿಗಳಲ್ಲಿ ನೂರಕ್ಕೆ ತೊಂಬತ್ತೈದಕ್ಕೂ ಹೆಚ್ಚು ಇಲ್ಲವಾಗಿದ್ದವು. ವಿಷ ಬೇರೆ, ಪಾಠ ಒಂದೇ: ಮನುಷ್ಯನು ಬಿಟ್ಟದ್ದನ್ನು ತಿಂದು ನೆಲವನ್ನು ಶುಚಿಯಾಗಿಡುವ ಜೀವಿಯೇ ಅವನ ಅಜಾಗರೂಕತೆಗೆ ಮೊದಲ ಬಲಿ.

ಮದ್ದಿನ ಕಣಕಣವನ್ನು ತೂಗಬಲ್ಲವನು ತಾನು ಕಾಡಿಗೆ ಬಿಟ್ಟ ಹತ್ತು ಗ್ರಾಂ ಸೀಸವನ್ನೂ ತೂಗಲಿ. ಅಲ್ಲಿಯವರೆಗೆ ಅವನ ನಿಖರತೆ ಅರ್ಧ ಲೆಕ್ಕವೇ.