ಕೊನೆಯ ಗದ್ದೆಯ ಪ್ರಶ್ನೆ
ಮಂಡ್ಯದಿಂದ ಮೈಸೂರಿನ ಮಾನಸಗಂಗೋತ್ರಿಗೆ ರಾಜಕೀಯ ತತ್ವಶಾಸ್ತ್ರ ಓದಲು ಹೋಗುವ ಮಕ್ಕಳಿಗೆ ನಾನು ಹೇಳುವುದು ಒಂದೇ: ಜಾನ್ ರಾಲ್ಸ್‌ನನ್ನು ವಿಶ್ವೇಶ್ವರಯ್ಯ ನಾಲೆಯ ಏರಿಯ ಮೇಲೆ ಕೂತು ಓದಿ. ಸಮಾಜದಲ್ಲಿ ನಮ್ಮ ಜಾಗ ಯಾವುದೆಂದು ತಿಳಿಯದಂತೆ ಪರದೆಯೊಂದು ಅಡ್ಡ ಬಂದರೆ ಎಂಥ ನಿಯಮಗಳನ್ನು ಒಪ್ಪಿಕೊಳ್ಳುತ್ತೇವೆ? 1971ರ ಅವನ ಗ್ರಂಥದ ತಿರುಳು ಈ ಪ್ರಶ್ನೆ. ನಿಮ್ಮ ಗದ್ದೆ ತೂಬಿನ ಪಕ್ಕದ್ದೋ, ನೀರು ಕಡೆಗೆ ಮುಟ್ಟುವ ಮಳವಳ್ಳಿ ಸೀಮೆಯದ್ದೋ ಗೊತ್ತಿಲ್ಲ ಅಂದುಕೊಳ್ಳಿ. ಈಗ ಕಟ್ಟು ನೀರಿನ ಸರದಿ ಬರೆಯಿರಿ. ಬರಗಾಲದಲ್ಲಿ ಕೊನೆಯವನಿಗೆ ಮೊದಲು ಬಿಡುತ್ತೀರಾ? ಭತ್ತದವನಿಗೋ, ಕಬ್ಬಿನವನಿಗೋ? ಇಡೀ ಹಂಚಿಕೆಯ ನ್ಯಾಯ ಇಲ್ಲಿದೆ. ಅದೇ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲಿ ಹುಟ್ಟಿದ ವಿದ್ಯುತ್ ಮೊದಲು ಹರಿದದ್ದು ದೂರದ ಕೋಲಾರದ ಚಿನ್ನದ ಗಣಿಗೆ. ಸುತ್ತಲ ಹಳ್ಳಿಗಳಲ್ಲಿ ಬುಡ್ಡಿದೀಪವೇ ಉರಿಯುತ್ತಿತ್ತು. ಇದನ್ನೂ ತರಗತಿಯಲ್ಲಿ ಎತ್ತಿ, ಮೇಷ್ಟರನ್ನು ಕೇಳಿ. ಇನ್ನು ಸರ್ಕಾರದ ಆಜ್ಞೆ ತಪ್ಪೆನಿಸಿದಾಗ ಪ್ರಜೆ ಏನು ಮಾಡಬೇಕು ಎಂಬ ಅಮೆರಿಕದ ಲೇಖಕ ಥೋರೋನ ಪ್ರಶ್ನೆ. ಅದಕ್ಕೊಂದು ಉತ್ತರ ನಮ್ಮ ಜಿಲ್ಲೆಯಲ್ಲೇ ಇದೆ. ಮದ್ದೂರಿನ ಶಿವಪುರದಲ್ಲಿ 1938ರ ಏಪ್ರಿಲ್‌ನಲ್ಲಿ ಟಿ. ಸಿದ್ದಲಿಂಗಯ್ಯನವರ ಅಧ್ಯಕ್ಷತೆಯಲ್ಲಿ ಸೇರಿದ ಜನ, ಮೈಸೂರು ಸರ್ಕಾರದ ನಿಷೇಧಾಜ್ಞೆಯನ್ನು ಮೀರಿ ಕಾಂಗ್ರೆಸ್ ಬಾವುಟ ಏರಿಸಿ ಬಂಧನಕ್ಕೊಳಗಾದರು. ಅವರ ನೆನಪಿನ ಸತ್ಯಾಗ್ರಹ ಸೌಧ ಬೆಂಗಳೂರು–ಮೈಸೂರು ಹಳೆಯ ರಸ್ತೆಯಲ್ಲೇ ಇದೆ. ಒಮ್ಮೆ ಬಸ್ಸು ಹತ್ತಿ ಹೋಗಿ ಅಲ್ಲಿ ಇಳಿಯಿರಿ.